ಆಪರೇಷನ್ ಥಿಯೇಟರ್‌ಗೆ ಪೂರ್ತಿ ಅಂಕ, ವಾರ್ಡ್‌ಗೆ ಇಲ್ಲ

ಅಪ್ಪನ ಜಠರದ ಆಪರೇಷನ್ ಆಗಿ ಎರಡು ತಿಂಗಳಾಯಿತು. ಬೆಂಗಳೂರು ದಕ್ಷಿಣದ ಒಂದು ಖಾಸಗಿ ಆಸ್ಪತ್ರೆ. ಹೆಸರು ಬರೆಯುವುದಿಲ್ಲ, ಕಂಡದ್ದನ್ನು ಬರೆಯುತ್ತೇನೆ. ನನ್ನ ಲೆಕ್ಕದಲ್ಲಿ ಐದಕ್ಕೆ 3 ಸ್ಟಾರ್.

ಅಪ್ಪನಿಗೆ 68. ಹಳೇ ಹುಣ್ಣಿನಿಂದ ಜಠರದ ಕೆಳಬಾಯಿ ಕಿರಿದಾಗಿತ್ತು. ಬೆಳಗ್ಗೆ ತಿಂದ ಇಡ್ಲಿ ರಾತ್ರಿ ವಾಂತಿಯಲ್ಲಿ ಬರುತ್ತಿತ್ತು. ಗಾಂಧಿ ಬಜಾರಿನ ಮೆಡಿಕಲ್ ಶಾಪಿಂದ ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ತಂದು ವರ್ಷಗಟ್ಟಲೆ ನುಂಗಿದ್ದರು. ಚೀಟಿ ಇಲ್ಲ, ಏನಿಲ್ಲ.

ಸರ್ಜನ್ ಮೊದಲು ಕೇಳಿದ್ದೇ ಆ ಮಾತ್ರೆಯ ಬಗ್ಗೆ. "ನೋಡಿ ಮೇಡಂ, ಹೊಟ್ಟೆಯ ಆಸಿಡ್ ಬರೀ ಊಟ ಅರಗಿಸೋಕಲ್ಲ, ಬ್ಯಾಕ್ಟೀರಿಯಾನೂ ಕೊಲ್ಲುತ್ತೆ. ಮಾತ್ರೆಯಿಂದ ಆಸಿಡ್ ಕಮ್ಮಿ ಆಗಿದೆ, ಊಟನೂ ಅಲ್ಲೇ ನಿಂತಿದೆ. ಹಾಗಾಗಿ ಇವರ ಜಠರದಲ್ಲಿ ಕ್ರಿಮಿ ಜಾಸ್ತಿ ಇರುತ್ತೆ. ನಾವು ಕೊಯ್ದಾಗ ಅದು ಗಾಯಕ್ಕೆ ತಾಗಬಹುದು" ಎಂದರು. ಇಷ್ಟು ಬಿಡಿಸಿ ಹೇಳುವ ಡಾಕ್ಟರನ್ನು ನಾನು ಕಂಡದ್ದು ಕಮ್ಮಿ.

ಮಾತಿಗೆ ತಕ್ಕಂತೆ ಕೆಲಸವೂ ಆಯಿತು. ಮೂಗಿನಿಂದ ನಳಿಗೆ ಹಾಕಿ ಎರಡು ದಿನ ಜಠರ ತೊಳೆದರು. ಚೀಲಕ್ಕೆ ಮೊದಲು ಬಂದದ್ದು ಕಂದು ಬಣ್ಣದ, ಹುಳಿ ಹಿಡಿದ ವಾಸನೆಯ ನೀರು. ಆಮೇಲೆ ನೀರುಮಜ್ಜಿಗೆಯಂತೆ. ಕೊನೆಗೆ ತಿಳಿಯಾಯಿತು. ಹೊಟ್ಟೆಯ ಕೂದಲಿಗೆ ರೇಜರ್ ಮುಟ್ಟಿಸಲಿಲ್ಲ, ಟ್ರಿಮ್ಮರ್‌ನಲ್ಲಿ ತೆಗೆದರು. ರೇಜರ್ ಮಾಡುವ ಸಣ್ಣ ಗೀರುಗಳಲ್ಲೂ ಕ್ರಿಮಿ ಸೇರುತ್ತದಂತೆ. ಆಂಟಿಬಯಾಟಿಕ್ ಇಂಜೆಕ್ಷನ್ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಹೋಗಬೇಕು. ಕೇಸ್ ಶೀಟಲ್ಲಿ ನೋಡಿದೆ: ಇಂಜೆಕ್ಷನ್ 8:10, ಕೊಯ್ದದ್ದು 8:40.

ಇನ್ನು ವಾರ್ಡ್. ಮೂರನೇ ದಿನ ಡ್ರೆಸಿಂಗ್‌ಗೆ ಒಬ್ಬ ಬ್ರದರ್ ಬಂದರು. ಗ್ಲೌಸ್ ಹಾಕಿಕೊಂಡರು. ಫೋನ್ ಬಂತು, ಅದೇ ಕೈಯಲ್ಲಿ ಜೇಬಿಂದ ತೆಗೆದು ಮಾತಾಡಿದರು. ಪರದೆ ಎಳೆದರು. ಅದೇ ಗ್ಲೌಸಲ್ಲಿ ಹತ್ತಿ ತೆಗೆದು ಹೊಲಿಗೆಯ ಮೇಲೆ ಒರೆಸಿದರು. "ಗ್ಲೌಸ್ ಬದಲಾಯಿಸಿ ಬ್ರದರ್" ಅಂದೆ. "ಏನೂ ಆಗಲ್ಲ ಮೇಡಂ" ಅಂದರು. ಮಂಚದ ಕಾಲ ಬಳಿಯ ಸ್ಯಾನಿಟೈಸರ್ ಬಾಟಲಿ ಒತ್ತಿದರೆ ಬರೀ ಗಾಳಿ. ಎರಡು ಸಲ ಹೇಳಿದ ಮೇಲೆ ಮಾರನೇ ದಿನ ಸಂಜೆ ತುಂಬಿಸಿದರು.

ಆರನೇ ದಿನ ಜ್ವರ. ಹೊಲಿಗೆ ಸುತ್ತ ಕೆಂಪು, ಮುಟ್ಟಿದರೆ ಬಿಸಿ. ಸರ್ಜನ್ ಎರಡು ಹೊಲಿಗೆ ಬಿಚ್ಚಿ ಕೀವು ತೆಗೆದರು, ಯಾವ ಕ್ರಿಮಿ ಎಂದು ತಿಳಿಯಲು ಕಲ್ಚರ್ ಪರೀಕ್ಷೆಗೆ ಕಳಿಸಿ, ರಿಪೋರ್ಟ್ ನೋಡಿ ಔಷಧಿ ಬದಲಿಸಿದರು. "ಜಠರದ ಕ್ರಿಮಿಯೋ ಹೊರಗಿಂದ ಬಂದದ್ದೋ, ನಾನು ಖಚಿತವಾಗಿ ಹೇಳಲಾರೆ" ಎಂದು ನೇರವಾಗಿ ಹೇಳಿದರು. ಅದಕ್ಕೆ ಅವರ ಮೇಲೆ ಗೌರವ ಹೆಚ್ಚಾಯಿತು. ಬ್ರದರನ್ನೇ ದೂರುವುದು ನನಗೂ ಸರಿಯಲ್ಲ. ಆದರೆ ಒಳಗಿನ ಕ್ರಿಮಿಗೆ ಅಷ್ಟೆಲ್ಲ ಜಾಗ್ರತೆ ಮಾಡಿದವರು ಒಂದು ಜೊತೆ ಗ್ಲೌಸ್‌ಗೆ ಯಾಕೆ ಹಿಂದೆ ನಿಲ್ಲಬೇಕು? ಅಪ್ಪ ಇನ್ನೂ ಆರು ದಿನ ಮಲಗಬೇಕಾಯಿತು. ರೂಮ್ ಬಾಡಿಗೆ ಪೂರ್ತಿ ಹಾಕಿದರು.

ಈಗ ಎರಡು ಇಡ್ಲಿ ತಿಂದು ಲಾಲ್‌ಬಾಗ್‌ವರೆಗೆ ನಡೆಯುತ್ತಾರೆ. ಕಳೆದ ವಾರ ಚೆಕಪ್‌ಗೆ ಹೋದಾಗ ಆ ವಾರ್ಡಿಗೆ ಹೋಗಿ ಬಾಟಲಿ ಒತ್ತಿ ನೋಡಿದೆ. ಸ್ಯಾನಿಟೈಸರ್ ಬಂತು. ಗ್ಲೌಸ್ ಬಗ್ಗೆ ಬರೆದುಕೊಟ್ಟ ದೂರಿಗೆ ಉತ್ತರ ಇನ್ನೂ ಬಂದಿಲ್ಲ. ಬಂದರೆ ನಾಲ್ಕನೇ ಸ್ಟಾರ್ ಬಗ್ಗೆ ಯೋಚಿಸುತ್ತೇನೆ.