ಹೊಸಾ ಕಾರಿಗಿ 3 ವರ್ಷ ಇನ್ಸೂರೆನ್ಸ್ ಅದ ಅಂದ್ರ ಅದನ್ನೇ ನಂಬಿ ಕೂಡಬ್ಯಾಡ್ರಿ

ಕಲಬುರಗಿ, ಬೀದರ್ ಕಡಿ ಹೊಸಾ ಕಾರ್ ತಗೊಂಡವ್ರು ಯಾರರ ಇದ್ರ ಮೊದ್ಲು ಎದ್ದು ಪಾಲಿಸಿ ಕಾಗದ ತೆಗೆದು ನೋಡ್ರಿ. ಅದ್ರಾಗ ಮುಗಿಯೋ ತಾರೀಖ್ ಎರಡು ಇರ್ತಾವ. ನಾ ಒಂದೇ ನೋಡಿದ್ದೆ.

ದಸರಾಕ್ಕ ಕಾರ್ ತಂದೆವು. ಚಾವಿ ಕೊಡಾಗ ಶೋರೂಮಿನ ಹುಡುಗ "ಸರ್, 3 ವರ್ಷ ಇನ್ಸೂರೆನ್ಸ್ ಚಿಂತಿ ಬಿಡ್ರಿ" ಅಂದ, ನಾ ಬಿಟ್ಟೆ. ಮರುವರ್ಷ ದಸರಾ ಹೊತ್ತಿಗಿ ರಿನೀವ್ ಮಾಡ್ರಿ ಅಂತ ಇಂಗ್ಲಿಷ್‌ನ್ಯಾಗ ಮೆಸೇಜ್ ಬಂದ್ವು, ಫೋನೂ ಬಂದ್ವು, ಇವೆಲ್ಲಾ ಮೋಸದ ಕಾಲ್ ಅಂತ ಕಟ್ ಮಾಡಿದೆ. ಮ್ಯಾಲ ಒಂದಿನ ರಿಂಗ್ ರೋಡಿನ್ಯಾಗ ಪೊಲೀಸರು ಕಾಗದ ನೋಡಿ ಇನ್ಸೂರೆನ್ಸ್ ಚಾಲೂ ಅದ ಹೋಗ್ರಿ ಅಂದ್ರು, ಮತ್ತ ನನಗ ಡೌಟ್ ಯಾಕ ಬರ್ತದ ಹೇಳ್ರಿ.

ಎಳ್ಳಮವಾಸಿ ದಿನ ಹೊಲದಾಗ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು, ಕತ್ತಲಾದ ಮ್ಯಾಲ ಮಕ್ಕಳನ್ನ ಕರ್ಕೊಂಡು ಆಳಂದ ರೋಡಿಗಿ ಬರ್ಲತ್ತಿದ್ದೆ. ಮುಂದ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲರ್, ಹಿಂದ ಲೈಟ್ ಇಲ್ಲ ರೇಡಿಯಂ ಇಲ್ಲ, ಹತ್ರ ಹೋದ ಮ್ಯಾಲೇ ಕಂಡಿತು. ಸ್ಟೇರಿಂಗ್ ಎಳೆದೆ, ಗಾಡಿ ರೋಡ್ ಇಳಿದು ಜಾಲಿ ಗಿಡಕ್ಕ ಬಡೀತು. ದೇವರ ದಯಾ, ಮಕ್ಕಳಿಗಿ ಏನೂ ಆಗ್ಲಿಲ್ಲ.

ಗ್ಯಾರೇಜಿನ್ಯಾಗ 1 ಲಕ್ಷ 38 ಸಾವಿರ ಹೇಳಿದ್ರು. ಕ್ಲೇಮ್ ಹಾಕ್ಲಿಕ್ಕಿ ಫೋನ್ ಮಾಡಿದ್ರ "ನಿಮ್ಮ ಓನ್ ಡ್ಯಾಮೇಜ್ ಯಾವಾಗೋ ಮುಗದದ ಸರ್, ಈಗ ಇರೋದು ಥರ್ಡ್ ಪಾರ್ಟಿ ಅಷ್ಟೇ" ಅಂದ್ರು. ಆ ವರ್ಷದ ತೊಗರಿ ದುಡ್ಡು ಪೂರಾ ಅಲ್ಲೇ ಹೋಯ್ತು.

ಆಮ್ಯಾಲ ಕುಂತು ತಿಳ್ಕೊಂಡಿದ್ದು ಇದು. ಸುಪ್ರೀಂ ಕೋರ್ಟ್ ಹೇಳಿದ್ದಕ್ಕ 2018ರ ಸೆಪ್ಟೆಂಬರ್‌ನಿಂದ ಹೊಸಾ ಕಾರಿಗಿ 3 ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಅದು ನಮ್ಮ ಗಾಡಿಯಿಂದ ಮಂದಿಗಿ, ಮಂದಿ ಗಾಡಿಗಿ ಆದ ಹಾನಿಗಿ. ಪೊಲೀಸರು ನೋಡೋದೂ ಅದನ್ನೇ. ನಮ್ಮ ಗಾಡಿ ಜಜ್ಜಿದ್ರ, ಕಳುವಾದ್ರ, ಸುಟ್ರ, ಹೊಳಿ ನೀರಾಗ ಹೋದ್ರ ರೊಕ್ಕ ಕೊಡೋದು ಓನ್ ಡ್ಯಾಮೇಜ್, ಅದು ಹೊಸಾ ಗಾಡಿ ಜೋಡಿ ಹೆಚ್ಚಾಗಿ 1 ವರ್ಷಕ್ಕ ಬರ್ತದ, ಆಮ್ಯಾಲ ವರ್ಷಾ ವರ್ಷಾ ನಾವೇ ಮಾಡಿಸ್ಬೇಕು.

ಅದೂ ಇದ್ರ ಸಾಕಾಗಲ್ರಿ. ಬೀದರಿನ ನಮ್ಮ ಭಾವಂದು ಓನ್ ಡ್ಯಾಮೇಜ್ ಚಾಲೂ ಇತ್ತು ಆದ್ರ ಝೀರೋ ಡೆಪ್ (ಸಾಮಾನು ಹಳೇದಾಗ್ಯಾದ ಅಂತ ರೊಕ್ಕ ಕಡೀಲಾರ್ದಂಗ ತಗೊಳ್ಳೋ ಕವರ್) ತಗೊಂಡಿರ್ಲಿಲ್ಲ, ಬಂಪರ್ ಒಡೆದಾಗ ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೆಲ್ಲಾ 50% ಕಡಿದ್ರು. ನೀರು ನಿಂತಲ್ಲಿ ಗಾಡಿ ಚಾಲೂ ಮಾಡಿ ಇಂಜಿನ್ ಹೋದ್ರ ಅದಕ್ಕ ಇಂಜಿನ್ ಪ್ರೊಟೆಕ್ಟ್ ಅಂತ ಬ್ಯಾರೇನೇ ತಗೋಬೇಕು.

ಓನ್ ಡ್ಯಾಮೇಜ್ ಮುಗದು 90 ದಿನ ದಾಟಿದ್ರ ನೋ ಕ್ಲೇಮ್ ಬೋನಸ್ಸೂ, ಅಂದ್ರ ಕ್ಲೇಮ್ ಹಾಕ್ಲಾರ್ದ ವರ್ಷಕ್ಕ ರಿನೀವ್ ಮಾಡಾಗ ಸಿಗೋ ರಿಯಾಯಿತೀನೂ, ಹೋಗ್ತದ. ಗಾಡಿ ರಿಪೇರಿ ಆಗೋತನಕ ನಂದು ಆ 20% ಭೀ ಹೋಯ್ತು. ನಿಮ್ದು ಮುಗದಿದ್ರ ಇವತ್ತೇ ಮಾಡಿಸ್ರಿ, ಥರ್ಡ್ ಪಾರ್ಟಿ ಇದ್ದ ಕಂಪನಿದಾಗೇ ಮಾಡಿಸ್ಬೇಕಂತಿಲ್ಲ, 2019ರಿಂದ ಬ್ಯಾರೆ ಕಂಪನಿದಾಗೂ ಸಿಗ್ತದ. ತಾರೀಖ್ ದಾಟಿದ್ರ ಗಾಡಿ ಇನ್‌ಸ್ಪೆಕ್ಷನ್ ಮಾಡ್ತಾರ, ಫೋಟೋ ಕೇಳ್ತಾರ, ಗಾಡಿ ತೊಳೆದು ಹಗಲಿನ್ಯಾಗೇ ತೆಗೆದು ಕಳಸ್ರಿ.