ಉಪಗ್ರಹದ ಸೋಲಾರ್ ಸೆಲ್ ಎಷ್ಟು ಬಾಳುತ್ತದೆ? ಸ್ಪೆನ್ವಿಸ್ ಬಳಸಿದ ಮೇಲೆ ನನ್ನ ಅಭಿಪ್ರಾಯ

ಸ್ಪೆನ್ವಿಸ್ ಒಂದು ಆನ್‌ಲೈನ್ ಸೇವೆ. ಉಪಗ್ರಹದ ಕಕ್ಷೆ ಯಾವುದು ಅಂತ ಹೇಳಿದರೆ, ಅಲ್ಲಿ ಎಷ್ಟು ವಿಕಿರಣ ಬೀಳುತ್ತದೆ, ಅದರಿಂದ ಸೋಲಾರ್ ಸೆಲ್‌ಗೆ ಎಷ್ಟು ಪೆಟ್ಟು ಅಂತ ಲೆಕ್ಕ ಹಾಕಿಕೊಡುತ್ತದೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಈಸಾಗಾಗಿ ಬೆಲ್ಜಿಯಂನ ಸಂಶೋಧನಾ ಸಂಸ್ಥೆಯೊಂದು ಇದನ್ನು ನಡೆಸುತ್ತದೆ. ಹೆಸರು ನೋಂದಾಯಿಸಿದರೆ ಸಾಕು, ದುಡ್ಡು ಕೊಡಬೇಕಿಲ್ಲ.

ನಾನು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ನಮ್ಮ ವಿದ್ಯಾರ್ಥಿಗಳ ಪುಟ್ಟ ಉಪಗ್ರಹದಲ್ಲಿ ಪವರ್ ವಿಭಾಗ ನನ್ನ ಜವಾಬ್ದಾರಿ. ಬೆಂಗಳೂರು, ಹೈದರಾಬಾದ್ ವಿದ್ಯಾರ್ಥಿಗಳು ಸೇರಿ ಕಟ್ಟಿದ ಸ್ಟಡ್‌ಸ್ಯಾಟ್ 2010ರಲ್ಲಿ ಹಾರಿತು. ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ಪಿಸ್ಯಾಟ್ 2016ರಲ್ಲಿ ಹೋಯಿತು. ಇವನ್ನು ನೋಡಿ ಆಸೆ ಹುಟ್ಟಿಸಿಕೊಂಡ ಮಕ್ಕಳು ನಮ್ಮಲ್ಲೂ ಇದ್ದಾರೆ. ಅವರಿಗೆ ನಾನು ಕೊಡುವ ಮೊದಲ ಕೆಲಸವೇ ಸ್ಪೆನ್ವಿಸ್‌ನಲ್ಲಿ ಖಾತೆ ತೆರೆಯುವುದು.

ಯಾಕೆ ಅಂದರೆ, ನಮ್ಮ ಹತ್ತಿರ ಪವರ್ ಇರುವುದೇ ಅಷ್ಟಿಷ್ಟು. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಒಂದು ಬದಿಯಲ್ಲಿ, 30 ಚದರ ಸೆಂ.ಮೀ. ಅಳತೆಯ ಎರಡು ಸೆಲ್ ಕೂರುತ್ತವೆ. ವಾತಾವರಣದ ಹೊರಗೆ ಚದರ ಮೀಟರ್‌ಗೆ ಸುಮಾರು 1,361 ವ್ಯಾಟ್ ಬಿಸಿಲು. ಸೆಲ್ ಅದರಲ್ಲಿ ಶೇ 30ರಷ್ಟನ್ನು ವಿದ್ಯುತ್ತಾಗಿ ಬದಲಾಯಿಸಿತು ಅಂದುಕೊಳ್ಳಿ. ಸಿಗುವುದು ಎರಡೂವರೆ ವ್ಯಾಟ್ ಹತ್ತಿರ. ಅದೂ ಮೊದಲ ದಿನ, ಬಿಸಿಲು ನೇರ ಬಿದ್ದಾಗ. ಕೊನೆಯ ದಿನ ಎಷ್ಟು ಅನ್ನುವುದೇ ನಿಜವಾದ ಪ್ರಶ್ನೆ, ಅಲ್ವಾ? ಸೆಲ್ ಮಾರುವ ಒಂದು ಕಂಪನಿಯನ್ನು ಕೇಳಿದಾಗ ಬರೀ ಮೊದಲ ದಿನದ ಅಂಕಿ ಇರುವ ಹಾಳೆ ಕಳಿಸಿದರು. ವಿಕಿರಣ ಪರೀಕ್ಷೆಯ ಅಂಕಿಗಾಗಿ ಮತ್ತೆ ಮತ್ತೆ ಬರೆಯಬೇಕಾಯಿತು. ಹೊಸದಾಗಿ ಕೊಳ್ಳುವವರು ಅದನ್ನು ಮೊದಲೇ ಕೇಳಿ ಪಡೆಯಿರಿ. ಅದಿಲ್ಲದೆ ಸ್ಪೆನ್ವಿಸ್ ಕೊಡುವ ಉತ್ತರ ಅರ್ಧದಲ್ಲೇ ನಿಲ್ಲುತ್ತದೆ.

ಬಳಸುವ ಕ್ರಮ ಸರಳ. ಮೊದಲು ಕಕ್ಷೆ. ಆಮೇಲೆ ಆ ಕಕ್ಷೆಯಲ್ಲಿರುವ ಪ್ರೋಟಾನ್, ಎಲೆಕ್ಟ್ರಾನ್‌ಗಳ ಲೆಕ್ಕ. ಸೂರ್ಯನಿಂದ ಬರುವ ಕಣಗಳದ್ದು ಬೇರೆ ಪುಟ. ಕೊನೆಗೆ ಸೋಲಾರ್ ಸೆಲ್ ಹಾನಿಯ ಪುಟ. ನನಗೆ ತುಂಬಾ ಇಷ್ಟವಾದದ್ದು ಇದೇ ಪುಟ.

ಹಾನಿ ಆಗುವುದು ಹೀಗೆ. ವೇಗದ ಪ್ರೋಟಾನ್ ಸೆಲ್‌ನ ಒಳಗೆ ನುಗ್ಗಿ ಹರಳಿನ ಪರಮಾಣುವನ್ನು ಜಾಗದಿಂದ ಎಬ್ಬಿಸುತ್ತದೆ. ಅಲ್ಲೊಂದು ದೋಷ ಉಳಿಯುತ್ತದೆ. ಬಿಸಿಲಿನಿಂದ ಬಿಡುಗಡೆಯಾದ ಎಲೆಕ್ಟ್ರಾನ್, ಕರೆಂಟ್ ಆಗಿ ಒಟ್ಟುಗೂಡುವ ಜಾಗವಾದ ಜಂಕ್ಷನ್ ತಲುಪುವ ಮೊದಲೇ ಆ ದೋಷದಲ್ಲಿ ಸಿಕ್ಕಿ ವ್ಯರ್ಥವಾಗುತ್ತದೆ. ಪ್ರೋಟಾನ್‌ಗಳ ಶಕ್ತಿ ನೂರಾರು ಬಗೆ, ಎಲ್ಲದರ ಪೆಟ್ಟೂ ಬೇರೆ ಬೇರೆ. ಅದಕ್ಕೆ ಎಲ್ಲವನ್ನೂ 1 ಎಂಇವಿ (ಕಣಗಳ ಶಕ್ತಿ ಅಳೆಯುವ ಮಾನ) ಶಕ್ತಿಯ ಎಲೆಕ್ಟ್ರಾನ್‌ಗಳ ಲೆಕ್ಕಕ್ಕೆ ತರುತ್ತಾರೆ. ಸೆಲ್ ತಯಾರಕರು ಪರೀಕ್ಷೆ ಮಾಡಿ ಅಂಕಿ ಕೊಡುವುದೂ ಅದೇ ಎಲೆಕ್ಟ್ರಾನ್‌ಗಳಿಗೆ. ಸ್ಪೆನ್ವಿಸ್ ಕೊಟ್ಟ ಸಂಖ್ಯೆಯನ್ನು ಅವರ ಹಾಳೆಯ ಪಕ್ಕ ಇಟ್ಟರೆ, ಎಷ್ಟು ಪವರ್ ಉಳಿಯುತ್ತದೆ ಅಂತ ಗೊತ್ತಾಗುತ್ತದೆ.

ಸೆಲ್ ಮೇಲಿನ ಗಾಜಿನ ದಪ್ಪಕ್ಕೆ ತಕ್ಕಂತೆ ಬೇರೆ ಬೇರೆ ಉತ್ತರವನ್ನೂ ಇದು ಕೊಡುತ್ತದೆ. ಇದರಿಂದ ಮಕ್ಕಳಿಗೆ ಒಂದು ವಿಷಯ ಕಣ್ಣಿಗೇ ಕಾಣುತ್ತದೆ. ಕಡಿಮೆ ಶಕ್ತಿಯ ಪ್ರೋಟಾನ್ ಬಡಪಾಯಿ ಅಲ್ಲ. ಅದು ಸೆಲ್‌ನ ಒಳಗೇ ನಿಂತು, ನಿಲ್ಲುವ ಜಾಗದಲ್ಲಿ ಜಾಸ್ತಿ ಹಾನಿ ಮಾಡುತ್ತದೆ. 100 ಮೈಕ್ರಾನ್ ಗಾಜು ಹಾಕಿದರೆ 3 ಎಂಇವಿ ಆಸುಪಾಸಿನವರೆಗಿನ ಪ್ರೋಟಾನ್‌ಗಳು ಗಾಜಲ್ಲೇ ನಿಲ್ಲುತ್ತವೆ. ಆ ಗಾಜಿಗೆ ಸೀರಿಯಂ ಬೆರೆಸಿರುತ್ತಾರೆ, ಇಲ್ಲದಿದ್ದರೆ ವಿಕಿರಣಕ್ಕೆ ಗಾಜೇ ಕಪ್ಪಾಗುತ್ತದೆ.

ಈ ಹಾನಿ ಸೆಲ್ ತಯಾರಿಕೆಯನ್ನೂ ಬದಲಾಯಿಸಿದೆ. ಈಗ ಉಪಗ್ರಹಕ್ಕೆ ಹಾಕುವ ಒಳ್ಳೆಯ ಸೆಲ್‌ಗಳಲ್ಲಿ ಮೂರು ಪದರ: ಮೇಲೆ ಇಂಡಿಯಂ ಗ್ಯಾಲಿಯಂ ಫಾಸ್ಫೈಡ್, ನಡುವೆ ಗ್ಯಾಲಿಯಂ ಆರ್ಸೆನೈಡ್, ಕೆಳಗೆ ಜರ್ಮೇನಿಯಂ. ಮೂರೂ ಸರಣಿಯಲ್ಲಿ ಇರುವುದರಿಂದ, ಕಡಿಮೆ ಕರೆಂಟ್ ಕೊಡುವ ಪದರ ಎಷ್ಟು ಕೊಡುತ್ತದೋ ಅಷ್ಟೇ ಎಲ್ಲದಕ್ಕೂ ಮಿತಿ. ವಿಕಿರಣಕ್ಕೆ ಬೇಗ ಸೊರಗುವುದು ನಡುವಿನ ಪದರ. ಹಾಗಾಗಿ ಮೇಲಿನ ಪದರವನ್ನು ಬೇಕಂತಲೇ ತೆಳ್ಳಗೆ ಮಾಡಿ, ಒಂದಿಷ್ಟು ಬೆಳಕು ನಡುವಿನ ಪದರಕ್ಕೆ ದಾಟುವಂತೆ ಬಿಡುತ್ತಾರೆ. ಶುರುವಿನಲ್ಲಿ ನಡುವಿನದರ ಹತ್ತಿರ ಹೆಚ್ಚುವರಿ ಕರೆಂಟ್ ಇರುತ್ತದೆ. ವರ್ಷಗಳು ಕಳೆದು ಅದು ಸೊರಗಿದ ಮೇಲೆ ಎರಡೂ ಸಮ ಆಗುತ್ತವೆ. ಮೊದಲ ದಿನದ ಹೆಚ್ಚುಗಾರಿಕೆ ಬಿಟ್ಟು ಕೊನೆಯ ದಿನಕ್ಕೆ ಪವರ್ ಉಳಿಸುವ ಈ ಜಾಣ್ಮೆಯನ್ನು ಪಾಠ ಮಾಡುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಇನ್ನು ಕೊರತೆಗಳು. ಪುಟಗಳ ವಿನ್ಯಾಸ ತೀರಾ ಹಳೆಯದು. ಎಲ್ಲಿ ಕ್ಲಿಕ್ ಮಾಡಬೇಕು ಅಂತ ಹೊಸಬರು ಹುಡುಕಾಡುತ್ತಾರೆ. ಅದು ದೊಡ್ಡ ವಿಷಯವಲ್ಲ, ಅಭ್ಯಾಸ ಆಗುತ್ತದೆ. ನನ್ನ ನಿಜವಾದ ತಕರಾರು ಬೇರೆ. ಇದು ಉತ್ತರವನ್ನು ತುಂಬಾ ಸುಲಭವಾಗಿ ಕೊಟ್ಟುಬಿಡುತ್ತದೆ. ಕಣಗಳ ಲೆಕ್ಕಕ್ಕೆ ಜನ ಜಾಸ್ತಿ ಬಳಸುವ ಎಪಿ-8 (ಪ್ರೋಟಾನ್‌ಗಳಿಗೆ), ಎಇ-8 (ಎಲೆಕ್ಟ್ರಾನ್‌ಗಳಿಗೆ) ಮಾದರಿಗಳು ಹೆಚ್ಚಾಗಿ 1960-70ರ ದಶಕದ ಉಪಗ್ರಹಗಳ ಅಳತೆಯ ಮೇಲೆ ನಿಂತಿವೆ. ಅಲ್ಲಿಂದೀಚೆಗೆ ದಕ್ಷಿಣ ಅಟ್ಲಾಂಟಿಕ್ ಮೇಲಿನ ವಿಕಿರಣದ ಪ್ರದೇಶವೇ ಪಶ್ಚಿಮಕ್ಕೆ ಸರಿದಿದೆ. ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ದಶಮಾಂಶದ ಮುಂದೆ ಅಂಕಿಗಳು ಸಾಲಾಗಿ ನಿಂತಿರುತ್ತವೆ. ಮಕ್ಕಳು ಅದನ್ನು ನಂಬಿಬಿಡುತ್ತಾರೆ. ಹೊಸ ಎಪಿ-9, ಎಇ-9 ಮಾದರಿಗಳೂ ಇದರಲ್ಲೇ ಇವೆ. ಎಷ್ಟು ಶೇಕಡಾ ಭರವಸೆಯ ಉತ್ತರ ಬೇಕು ಅಂತ ಅವುಗಳಲ್ಲಿ ಕೇಳಬಹುದು. ಎರಡೂ ಬಗೆಯಲ್ಲಿ ಮಾಡಿಸಿ, ಅಂತರ ಎಷ್ಟು ಅಂತ ನೋಡಿ ಅಂತಲೇ ನಾನು ಹೇಳುವುದು.

ಇನ್ನೊಂದು ಎಚ್ಚರ. ಸೂರ್ಯ ಚುರುಕಾಗಿದ್ದಾಗ ಎಲ್ಲ ಕಣಗಳೂ ಜಾಸ್ತಿ ಅಂತ ಸುಮ್ನೆ ಊಹಿಸಬೇಡಿ. ಆಗ ಭೂಮಿಯ ವಾತಾವರಣ ಉಬ್ಬಿ, ಕೆಳಗಿನ ಕಕ್ಷೆಗಳ ಪ್ರೋಟಾನ್‌ಗಳನ್ನು ನುಂಗುತ್ತದೆ. ಆದ್ದರಿಂದ ಕೆಟ್ಟ ಪರಿಸ್ಥಿತಿಯ ಲೆಕ್ಕ ಬೇಕಿದ್ದರೆ ಎಪಿ-8ಕ್ಕೆ ಸೂರ್ಯ ಶಾಂತವಾಗಿರುವ ಕಾಲ, ಎಇ-8ಕ್ಕೆ ಚುರುಕಾಗಿರುವ ಕಾಲ ಆರಿಸಿ. ಕಕ್ಷೆಯನ್ನೂ ಒಂದೇ ದಿನಕ್ಕೆ ಕೊಟ್ಟು ಮುಗಿಸಬೇಡಿ. ದಿನ ಜಾಸ್ತಿ ಕೊಟ್ಟಷ್ಟೂ ಅಟ್ಲಾಂಟಿಕ್ ಮೇಲಿನ ಹಾದುಹೋಗುವಿಕೆಗಳ ಸರಾಸರಿ ಸರಿಯಾಗಿ ಬರುತ್ತದೆ.

ಇದರಿಂದ ನಮಗಾದ ಲಾಭ ಏನು? ನಮ್ಮದು 500 ಕಿ.ಮೀ. ಎತ್ತರದ ಧ್ರುವೀಯ ಕಕ್ಷೆ, ಎರಡು ವರ್ಷದ ಆಯಸ್ಸು, 100 ಮೈಕ್ರಾನ್ ಗಾಜು. ಇಷ್ಟಕ್ಕೆ ವಿಕಿರಣದಿಂದ ಸೆಲ್ ಕಳೆದುಕೊಳ್ಳುವ ಪವರ್ ತೀರಾ ಕಡಿಮೆ ಅಂತ ತಿಳಿಯಿತು. ಅದಕ್ಕಿಂತ ಸೆಲ್ ಬಿಸಿಯಾಗಿ ಆಗುವ ನಷ್ಟವೇ ದೊಡ್ಡದು. ದಪ್ಪ ಗಾಜಿನ ತೂಕ ಬೇಡ ಅಂತ ನಿರ್ಧರಿಸಿ, ಮಕ್ಕಳು ಶಾಖ ಹೊರಹಾಕುವ ದಾರಿಯ ಕಡೆ ಗಮನ ಕೊಟ್ಟರು.

ವೆಬ್‌ಸೈಟಿನ ಸಹಾಯದ ಪುಟಗಳನ್ನು ಬಿಡದೆ ಓದಿ. ಯಾವ ಮಾದರಿ ಎಲ್ಲಿಂದ ಬಂತು, ಅದರ ಮಿತಿ ಏನು ಅಂತ ಅಲ್ಲಿ ಪ್ರಾಮಾಣಿಕವಾಗಿ ಬರೆದಿದ್ದಾರೆ. ಕಂಪ್ಯೂಟರಿನಲ್ಲೇ ಇಟ್ಟುಕೊಂಡು ಬಳಸುವ ತಂತ್ರಾಂಶ ಬೇಕೆನ್ನುವವರಿಗೆ ಫ್ರಾನ್ಸಿನ ಒಮೆರೆ ಇದೆ, ಅದೂ ಉಚಿತ. ಆದರೆ ಕಲಿಯಲು ಶುರು ಮಾಡುವವರಿಗೆ ನನ್ನ ಆಯ್ಕೆ ಸ್ಪೆನ್ವಿಸ್. ಖಾತೆ ತೆರೆದ ಕೂಡಲೇ ಒಂದು ಪ್ರಯೋಗ ಮಾಡಿ. 500 ಕಿ.ಮೀ. ಕಕ್ಷೆಗೆ ಒಂದು ಲೆಕ್ಕ, ಬೇರೇನೂ ಬದಲಾಯಿಸದೆ 1,200 ಕಿ.ಮೀ.ಗೆ ಇನ್ನೊಂದು. ಪ್ರೋಟಾನ್‌ಗಳ ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಗಾಜಿನ ದಪ್ಪದ ಪಟ್ಟಿ ತೆರೆಯಿರಿ.