ಲೆನನ್ ಮನೆಯಲ್ಲಿ ಹಾಡಿಟ್ಟ ಆ ಡೆಮೋ

'ನೌ ಆ್ಯಂಡ್ ದೆನ್' ಹಾಡಿನ ಡೆಮೋ, ಅಂದರೆ ಕರಡು ರೆಕಾರ್ಡಿಂಗ್, ಹಾಕಿದರೆ ಮೊದಲು ಕಿವಿಗೆ ಬೀಳುವುದು ಹಾಡಲ್ಲ, ಗುಂಯ್ ಅನ್ನುವ ಕರೆಂಟಿನ ಸದ್ದು. ಆಮೇಲೆ ಪಿಯಾನೊ. ಅದರ ಹಿಂದೆ ಎಲ್ಲೋ ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ಧ್ವನಿ. ಕೆಲವು ಕಡೆ ಪದಗಳೇ ಇನ್ನೂ ಕೂಡಿಬಂದಿಲ್ಲ, ಸುಮ್ನೆ ರಾಗ ಎಳೆದುಕೊಂಡು ಮುಂದೆ ಹೋಗುತ್ತಾರೆ. ಯಾರೂ ಕೇಳುತ್ತಿಲ್ಲ ಅಂದುಕೊಂಡಾಗ ಎಲ್ಲರೂ ಹೀಗೇ ಹಾಡುವುದು ಅಲ್ವಾ? ನನಗೆ ಈ ಡೆಮೋ ಇಷ್ಟವಾಗಲು ಅದೇ ಕಾರಣ.

1977ರ ಸುಮಾರಿಗೆ ನ್ಯೂಯಾರ್ಕಿನ ಡಕೋಟಾ ಕಟ್ಟಡದ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದು. 1975ರಲ್ಲಿ ಮಗ ಶಾನ್ ಹುಟ್ಟಿದ ಮೇಲೆ ಅವರು ಆಲ್ಬಮ್ ಮಾಡುವುದನ್ನು ಬಿಟ್ಟು ಮನೆಯಲ್ಲಿದ್ದ ಕಾಲ ಅದು. 1980ರ ಡಿಸೆಂಬರ್ 8ರಂದು ಅದೇ ಕಟ್ಟಡದ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಹಾಡು ಅರ್ಧಕ್ಕೇ ಉಳಿಯಿತು.

1994ರಲ್ಲಿ ಲೆನನ್ ಹೆಂಡತಿ ಯೋಕೊ ಓನೊ ಕ್ಯಾಸೆಟ್ಟುಗಳನ್ನು ಪಾಲ್ ಮೆಕಾರ್ಟ್ನಿ ಕೈಗೆ ಕೊಟ್ಟರು. ಬ್ಯಾಂಡಿನಲ್ಲಿ ಉಳಿದಿದ್ದ ಮೂವರು, ಅಂದರೆ ಪಾಲ್, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಸೇರಿ ಬೇರೆ ಎರಡು ಹಾಡು ಮುಗಿಸಿದರು, ಇದನ್ನು ಮಾತ್ರ 1995ರಲ್ಲಿ ಶುರು ಮಾಡಿ ಕೈಬಿಟ್ಟರು, ಯಾಕೆಂದರೆ ಧ್ವನಿ, ಪಿಯಾನೊ ಎರಡೂ ಒಂದೇ ಟ್ರ್ಯಾಕಿನಲ್ಲಿ ಅಂಟಿಕೊಂಡಿದ್ದವು, ಧ್ವನಿ ಜಾಸ್ತಿ ಮಾಡಿದರೆ ಪಿಯಾನೊನೂ ಏರುತ್ತಿತ್ತು. ಕೊನೆಗೆ ಅದನ್ನು ಬಿಡಿಸಿಕೊಟ್ಟಿದ್ದು ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ಸಾಫ್ಟ್‌ವೇರ್. 2023ರ ನವೆಂಬರ್ 2ಕ್ಕೆ ಹಾಡು ಹೊರಬಂತು.

ಹೊಸದು ಚೆನ್ನಾಗಿಲ್ಲ ಅಂತ ಹೇಳಲಾರೆ. ಮೊದಲ ಸಲ ಹೆಡ್‌ಫೋನಿನಲ್ಲಿ ಆ ಧ್ವನಿ ಒಂಟಿಯಾಗಿ, ಸ್ಪಷ್ಟವಾಗಿ ಬಂದಾಗ ಮೈ ಜುಂ ಅಂದಿತು. 2001ರಲ್ಲಿ ತೀರಿಕೊಂಡ ಜಾರ್ಜ್ ಹ್ಯಾರಿಸನ್ 1995ರಲ್ಲಿ ನುಡಿಸಿದ್ದ ಗಿಟಾರ್ ಇದೆ, ರಿಂಗೋ ಡ್ರಮ್ಸ್ ಇದೆ. ಪಾಲ್ ನುಡಿಸಿದ ಸ್ಲೈಡ್ ಗಿಟಾರ್ ಅಂತೂ ಜಾರ್ಜ್ ಶೈಲಿಯಲ್ಲೇ ಇದೆ, ಗೆಳೆಯನನ್ನು ನೆನೆದು ನುಡಿಸಿದ್ದು. ಆದರೆ ವಯಲಿನ್‌ಗಳು ನನಗೆ ಸ್ವಲ್ಪ ಜಾಸ್ತಿ ಅನಿಸಿದವು. ಇಷ್ಟು ಬಿಡುವಾಗಿ ಹಾಡಿದ ಧ್ವನಿಯ ಪಕ್ಕದಲ್ಲಿ ಅಷ್ಟೊಂದು ಜನ ಬೇಕಿರಲಿಲ್ಲ.

ನನಗೆ ನಿಜವಾಗಿ ಬೇಜಾರಾದದ್ದು ಬೇರೆ. ಡೆಮೋದಲ್ಲಿ ಪಲ್ಲವಿಗೆ ಮುಂಚೆ ಒಂದು ಭಾಗ ಬರುತ್ತದೆ. ಎದುರಿಗಿರುವವರನ್ನು ಎಲ್ಲಿ ಕಳೆದುಕೊಂಡುಬಿಡುತ್ತೇನೋ ಅನ್ನುವ ಭಯ ಅಲ್ಲಿ ಬಾಯಿಬಿಟ್ಟು ಬರುತ್ತದೆ, ರಾಗವೂ ದಾರಿ ಹುಡುಕುವವರ ಹಾಗೆ ಅಲೆಯುತ್ತದೆ. ಹೊಸದರಲ್ಲಿ ಅದನ್ನು ಪೂರ್ತಿ ತೆಗೆದುಬಿಟ್ಟಿದ್ದಾರೆ. ಹಾಡು ಚುರುಕಾಗಿದೆ, ನಿಜ. ಆದರೆ ಆ ಭಯ ಕೇಳಿಸಿಕೊಂಡ ಮೇಲೆ ಪಲ್ಲವಿ ಬಂದರೆ ಎದೆ ಹಿಂಡುತ್ತದೆ, ನೇರವಾಗಿ ಬಂದರೆ ಬರೀ ಚೆಂದ ಅನಿಸುತ್ತದೆ.

ಹೊಸದನ್ನು ಮೊದಲು ಕೇಳಿ, ಪದಗಳು ಪರಿಚಯವಾಗಲಿ. ಆಮೇಲೆ ಡೆಮೋ ಹಾಕಿ. ಎರಡನೇ ನಿಮಿಷದ ಹೊತ್ತಿಗೆ ಆ ಗುಂಯ್ ಸದ್ದು ಇದೆ ಅನ್ನುವುದೇ ಮರೆತುಹೋಗುತ್ತದೆ.